ಹಳಿ ಹಾಕುವ ಮೊದಲೇ ಹೋದ ಹೊಗೆ: ರೈಲು ಕಾಮಗಾರಿಯ ಕಾರ್ಬನ್ ಲೆಕ್ಕ

ಮೊನ್ನೆ ಮಂಡ್ಯದಿಂದ ಮೈಸೂರಿಗೆ ಬೆಳಗಿನ ರೈಲಿನಲ್ಲಿ ಹೋಗುತ್ತಿದ್ದೆ. ಯಲಿಯೂರು ದಾಟುವಾಗ ಎದುರಿಗೆ ಕೂತಿದ್ದ ಹಿರಿಯರೊಬ್ಬರು ಏನು ಕೆಲಸ ಅಂತ ಕೇಳಿದರು. ಸಿವಿಲ್ ಎಂಜಿನಿಯರ್, ಈಗ ರೈಲು ಮತ್ತು ರಸ್ತೆ ಕಾಮಗಾರಿಗಳಿಂದ ಎಷ್ಟು ಕಾರ್ಬನ್ ಗಾಳಿಗೆ ಸೇರುತ್ತೆ ಅನ್ನೋ ಲೆಕ್ಕ ಹಾಕುತ್ತೇನೆ ಅಂದೆ. ಅವರು ಕಿಟಕಿಯಾಚೆಯ ಕರೆಂಟ್ ಕಂಬ ತೋರಿಸಿ, "ಕರೆಂಟ್ ರೈಲು ಅಲ್ವೇನಪ್ಪಾ, ಇದ್ರಲ್ಲಿ ಹೊಗೆ ಎಲ್ಲೈತೆ?" ಅಂದರು.

ಪ್ರಶ್ನೆ ಸರಿಯಾಗಿಯೇ ಇದೆ. ಪಾಂಡವಪುರ ಬರುವವರೆಗೂ ಉತ್ತರ ಹೇಳುತ್ತಲೇ ಇದ್ದೆ, ಆದರೂ ಮುಗಿಯಲಿಲ್ಲ. ಆ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಈ ರೈಲಿನ ಹೊಗೆ ಎರಡು ಕಡೆ ಇದೆ. ಒಂದು, ಓಡಿಸುವಾಗಿನ ಹೊಗೆ. ಬೆಂಗಳೂರು–ಮೈಸೂರು ಮಾರ್ಗವನ್ನು ಜೋಡಿ ಹಳಿ ಮಾಡಿ, ವಿದ್ಯುತ್ ತಂತಿ ಎಳೆದು, 2018ರ ಫೆಬ್ರುವರಿಯಲ್ಲಿ ಲೋಕಾರ್ಪಣೆ ಮಾಡಿದರು. ಎಂಜಿನ್ನಿನಿಂದ ಈಗ ಹೊಗೆ ಬರುವುದಿಲ್ಲ, ನಿಜ. ಆದರೆ ನಮ್ಮ ದೇಶದ ಕರೆಂಟಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದು. ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತೆ (ಈ ಲೆಕ್ಕದಲ್ಲಿ ಕಾರ್ಬನ್ ಅಂತ ಅನ್ನುವುದು ಇದನ್ನೇ). ಎಂಜಿನ್ನಿನ ಹೊಗೆ ಈಗ ಪವರ್ ಪ್ಲಾಂಟಿನ ಚಿಮಣಿಯಲ್ಲಿ ಇದೆ. ಸೋಲಾರು, ಗಾಳಿ ವಿದ್ಯುತ್ತು ಹೆಚ್ಚಾದಂತೆ ಇದು ವರ್ಷ ವರ್ಷ ತಾನಾಗಿಯೇ ಇಳಿಯುತ್ತೆ. 

ಎರಡನೆಯದು, ಕಟ್ಟುವಾಗಿನ ಹೊಗೆ. ಹಳಿಯ ಉಕ್ಕು ಕರಗಿಸಿದಾಗ ಹೋದದ್ದು, ಸಿಮೆಂಟ್ ಸುಟ್ಟಾಗ ಹೋದದ್ದು, ಜಲ್ಲಿ ಹೊತ್ತ ಟಿಪ್ಪರಿನದು, ಹಳಿಯ ಕೆಳಗೆ ಮಣ್ಣಿನ ಏರಿ ಕಟ್ಟಿದ ಜೆಸಿಬಿಯದು. ಇದು ಮೊದಲ ಪ್ರಯಾಣಿಕ ಹತ್ತುವ ಮುಂಚೆಯೇ ಗಾಳಿಗೆ ಸೇರಿ ಆಗಿರುತ್ತೆ. ಆಮೇಲೆ ಯಾವ ಸೋಲಾರ್ ಪ್ಯಾನಲ್ ಹಾಕಿದರೂ ಅದು ವಾಪಸ್ ಬರಲ್ಲ. ಭಾರತೀಯ ರೈಲ್ವೆ 2030ರ ಹೊತ್ತಿಗೆ ನೆಟ್ ಝೀರೊ, ಅಂದರೆ ಬಿಟ್ಟದ್ದು ಕಳೆದದ್ದು ಸೇರಿ ಕಾರ್ಬನ್ ಲೆಕ್ಕ ಸೊನ್ನೆ, ಆಗಬೇಕು ಅಂತ ಗುರಿ ಇಟ್ಟುಕೊಂಡಿದೆ. ಆ ಗುರಿಯ ಮಾತು ಬಂದಾಗಲೆಲ್ಲ ಹೆಚ್ಚು ಕೇಳಿಸುವುದು ವಿದ್ಯುದೀಕರಣ, ಸೋಲಾರು. ಎಲ್ಲಾ ಒಳ್ಳೆಯದೇ. ಹಳಿ, ಸೇತುವೆ, ಸಿಮೆಂಟಿನ ಮಾತು ಅಷ್ಟು ಕೇಳಿಸಲ್ಲ, ನನಗೆ ಚಿಂತೆ ಇರುವುದು ಅದರ ಬಗ್ಗೆ.

ಲೆಕ್ಕ ಹಾಕುವುದು ಕಷ್ಟ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಷ್ಟೇನೂ ಕಷ್ಟ ಇಲ್ಲ. ಸೈಟಿನಲ್ಲಿ ಕೆಲಸ ಮಾಡಿದವರಿಗೆ ಎಂ.ಬಿ. ಪುಸ್ತಕ, ಅಂದರೆ ಕೆಲಸದ ಅಳತೆ ಬರೆಯುವ ಪುಸ್ತಕ, ಗೊತ್ತು. ಎಷ್ಟು ಕ್ಯೂಬಿಕ್ ಮೀಟರ್ ಕಾಂಕ್ರೀಟ್, ಅದರೊಳಗೆ ಎಷ್ಟು ಟನ್ ಉಕ್ಕಿನ ಕಂಬಿ, ಎಷ್ಟು ಲೋಡ್ ಮಣ್ಣು ಅಂತ ಅಳೆದು ಬರೆದು, ರೇಟಿನಿಂದ ಗುಣಿಸಿ ಬಿಲ್ ಮಾಡುತ್ತೇವಲ್ಲ, ಕಾರ್ಬನ್ ಲೆಕ್ಕವೂ ಅದೇ ತರಹ. ಪ್ರಮಾಣ ಅದೇ, ರೇಟಿನ ಜಾಗದಲ್ಲಿ ರೂಪಾಯಿ ಬದಲು 'ಒಂದು ಟನ್ನಿಗೆ ಇಷ್ಟು ಕಾರ್ಬನ್' ಅನ್ನೋ ಅಂಕಿ ಬರುತ್ತೆ. ಅಂದಾಜು ಪಟ್ಟಿಯಲ್ಲಿ ಇನ್ನೊಂದು ಕಾಲಂ ಎಳೆದ ಹಾಗೆ, ಅಷ್ಟೇ.

ಒಂದು ಕಿಲೋಮೀಟರ್ ಒಂಟಿ ಹಳಿ ಮಾರ್ಗ ತೆಗೆದುಕೊಂಡು ಮಾಡಿಯೇ ನೋಡೋಣ. ಕೆಲವು ಅಂಕಿ ನಾನು ದುಂಡಾಗಿಸಿ ಇಟ್ಟಿದ್ದೇನೆ, ಲೆಕ್ಕದ ದಾರಿ ಗೊತ್ತಾಗಲಿ ಅಂತ.

ಮೊದಲು ಹಳಿ. ಈಗ ಮುಖ್ಯ ಮಾರ್ಗಗಳಲ್ಲಿ ಹಾಕುವುದು ಮೀಟರಿಗೆ 60 ಕೆಜಿ ತೂಗುವ ಹಳಿ. ಎರಡು ಹಳಿ, ಸಾವಿರ ಮೀಟರ್, ಒಟ್ಟು 120 ಟನ್ ಉಕ್ಕು. ನಮ್ಮ ದೇಶದಲ್ಲಿ ಒಂದು ಟನ್ ಉಕ್ಕು ಮಾಡಲು ಸರಾಸರಿ ಎರಡೂವರೆ ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೋಗುತ್ತೆ, ಯಾಕೆಂದರೆ ಅದಿರಿನಿಂದ ಕಬ್ಬಿಣ ಬಿಡಿಸಲು ನಾವು ಹೆಚ್ಚಾಗಿ ಕಲ್ಲಿದ್ದಲನ್ನೇ ಬಳಸುತ್ತೇವೆ. ಅಲ್ಲಿಗೆ 300 ಟನ್ ಆಯಿತು. ಹಳಿ ಛತ್ತೀಸಗಢದ ಭಿಲಾಯಿಯಿಂದ ಬಂತು ಅಂದುಕೊಳ್ಳಿ, ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರ. ಅಷ್ಟು ದೂರದಿಂದ ತರುವುದೇ ದೊಡ್ಡ ಹೊರೆ ಅನ್ನಿಸುತ್ತೆ, ಅಲ್ವಾ? ಗೂಡ್ಸ್ ರೈಲಿನಲ್ಲಿ ಬಂದರೆ ಆ 120 ಟನ್ನಿಗೆ ಸಾಗಣೆಯ ಲೆಕ್ಕ ಮೂರ್ನಾಲ್ಕು ಟನ್ ದಾಟಲ್ಲ. ಉಕ್ಕಿನ ಕಾರ್ಬನ್ ಕುಲುಮೆಯಲ್ಲಿದೆ, ದಾರಿಯಲ್ಲಿಲ್ಲ.

ಆಮೇಲೆ ಸ್ಲೀಪರು, ಅಂದರೆ ಹಳಿಯ ಕೆಳಗೆ ಅಡ್ಡ ಇಡುವ ತೊಲೆ. ಕಿಲೋಮೀಟರಿಗೆ 1,660 ಕಾಂಕ್ರೀಟ್ ಸ್ಲೀಪರ್ ಹಾಕುತ್ತಾರೆ. ಒಂದೊಂದು ಹೆಚ್ಚುಕಮ್ಮಿ 300 ಕೆಜಿ. ಒಳಗೆ ಬಿಗಿದು ಎಳೆದ ಉಕ್ಕಿನ ತಂತಿ ಇರುತ್ತೆ, ಹಳಿ ಹಿಡಿಯುವ ಕಬ್ಬಿಣದ ಇನ್ಸರ್ಟ್ ಇರುತ್ತೆ, ಗಟ್ಟಿ ಕಾಂಕ್ರೀಟಾದ್ದರಿಂದ ಸಿಮೆಂಟೂ ಜಾಸ್ತಿ. ಎಲ್ಲಾ ಸೇರಿ ಒಂದಕ್ಕೆ 80 ಕೆಜಿ ಕಾರ್ಬನ್ ಅಂತ ಇಟ್ಟುಕೊಂಡರೆ ಸುಮಾರು 130 ಟನ್.

ಕೊನೆಗೆ ಜಲ್ಲಿ. ಮೀಟರಿಗೆ ಎರಡು ಕ್ಯೂಬಿಕ್ ಮೀಟರ್ ಅಂದರೂ ಕಿಲೋಮೀಟರಿಗೆ ಮೂರು ಸಾವಿರ ಟನ್. ಹಳಿಗಿಂತ 25 ಪಟ್ಟು ಭಾರ! ಆದರೆ ಕಲ್ಲು ಒಡೆಯುವುದಕ್ಕೆ ಟನ್ನಿಗೆ ಐದು ಕೆಜಿ ಕಾರ್ಬನ್ ಅಂದುಕೊಂಡರೆ ಬರುವುದು ಬರೀ 15 ಟನ್. ಇಲ್ಲಿ ಲೆಕ್ಕ ತಿರುಗುವುದು ಸಾಗಣೆಯಲ್ಲಿ. ಕ್ರಷರ್ 50 ಕಿಲೋಮೀಟರ್ ದೂರ ಇದ್ದು ಟಿಪ್ಪರಿನಲ್ಲಿ ತಂದರೆ ಸಾಗಣೆಗೇ ಇನ್ನೊಂದು 15 ಟನ್. ಕ್ರಷರ್ ನೂರು ಕಿಲೋಮೀಟರ್ ದೂರ ಇದ್ದರೆ ಅದು 30. ಅಂದರೆ ಜಲ್ಲಿ, ಮಣ್ಣಿನ ವಿಷಯದಲ್ಲಿ ಎಲ್ಲಿಂದ ತರುತ್ತೇವೆ ಅನ್ನೋದು ಮುಖ್ಯ. ಉಕ್ಕು, ಸಿಮೆಂಟಿನ ವಿಷಯದಲ್ಲಿ ಹೇಗೆ ಮಾಡಿದರು ಅನ್ನೋದು ಮುಖ್ಯ. ಈ ಒಂದು ಮಾತು ತಲೆಯಲ್ಲಿದ್ದರೆ ಸೈಟಿನಲ್ಲಿ ಅರ್ಧ ನಿರ್ಧಾರ ಸುಲಭವಾಗುತ್ತೆ.

ಒಟ್ಟು ಕೂಡಿದರೆ ಕಿಲೋಮೀಟರಿಗೆ 460ರಿಂದ 470 ಟನ್. ಇದು ಎಷ್ಟು ಅಂತ ಮನಸ್ಸಿಗೆ ಬರಬೇಕಾದರೆ ಬಸ್ಸಿಗೆ ಹೋಲಿಸಿ. ಒಂದು ಲೀಟರ್ ಡೀಸೆಲ್ ಉರಿದರೆ 2.7 ಕೆಜಿಯಷ್ಟು ಇಂಗಾಲದ ಡೈಆಕ್ಸೈಡ್. ಮೈಸೂರಿನಿಂದ ಬೆಂಗಳೂರಿಗೆ ಒಂದು ಬಸ್ಸು 32 ಲೀಟರ್ ಕುಡಿಯುತ್ತೆ ಅಂದುಕೊಂಡರೆ, ಒಂದು ಕಿಲೋಮೀಟರ್ ಹಳಿಯ ಕಾರ್ಬನ್ ಅಂದರೆ ಹತ್ತಿರ ಹತ್ತಿರ ಐದೂವರೆ ಸಾವಿರ ಬಸ್ ಟ್ರಿಪ್. ಹಾಗಂತ ರೈಲು ಬೇಡ ಅಂತ ನಾನು ಹೇಳುತ್ತಿಲ್ಲ. ಹಳಿ ದಶಕಗಟ್ಟಲೆ ಬಾಳುತ್ತೆ, ದಿನಕ್ಕೆ ಸಾವಿರಾರು ಜನರನ್ನು ಹೊರುತ್ತೆ, ಆ ಸಾಲ ಖಂಡಿತ ತೀರುತ್ತೆ. ಎಷ್ಟು ಬೇಗ ತೀರುತ್ತೆ ಅನ್ನೋದು ಎಷ್ಟು ಸಾಲ ಮಾಡಿದೆವು ಅನ್ನೋದರ ಮೇಲೆ ನಿಂತಿದೆ.

ಇದು ಬರೀ ಹಳಿ, ಸ್ಲೀಪರ್, ಜಲ್ಲಿಯ ಲೆಕ್ಕ. ನಿಜವಾದ ಭಾರ ಇರುವುದು ಸೇತುವೆ, ಸುರಂಗ, ಎತ್ತರದ ಏರಿಗಳಲ್ಲಿ. ಸಾವಿರ ಕ್ಯೂಬಿಕ್ ಮೀಟರ್ ಕಾಂಕ್ರೀಟಿನ ಒಂದು ಸಾಧಾರಣ ಸೇತುವೆಗೆ ಕಾಂಕ್ರೀಟಿನಿಂದಲೇ 300 ಟನ್ ದಾಟುತ್ತೆ, ಕಂಬಿ ನೂರು ಟನ್ ಹೋಯಿತು ಅಂದರೆ ಅದರದು ಇನ್ನೊಂದು 250. ಒಂದೇ ಒಂದು ಸೇತುವೆ ಒಂದು ಕಿಲೋಮೀಟರ್ ಹಳಿಯನ್ನು ಮೀರಿಸಿಬಿಟ್ಟಿತು. ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿಯ ಎರಡೂ ಕವಲು ದಾಟುತ್ತದಲ್ಲ, ಅಂಥ ಕಡೆ ಸೇತುವೆ ಬೇಕೇ ಬೇಕು, ಬೇರೆ ದಾರಿಯೇ ಇಲ್ಲ. ಆದರೆ ಎಷ್ಟೋ ಕಡೆ ಮಾರ್ಗವನ್ನು ನಕ್ಷೆಯ ಮೇಲೆ ಸ್ವಲ್ಪ ಸರಿಸಿದ್ದರೆ ಒಂದು ದೊಡ್ಡ ಕಟ್ಟಣೆಯೇ ತಪ್ಪುತ್ತಿತ್ತು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಈ ಲೆಕ್ಕವನ್ನು ನಕ್ಷೆ ಪೆನ್ಸಿಲ್ಲಿನಲ್ಲಿ ಇರುವಾಗಲೇ ಹಾಕಿ. ಕೆಲಸ ಮುಗಿದ ಮೇಲೆ ಹಾಕಿದ ಲೆಕ್ಕದಿಂದ ವರದಿ ಸಿಗುತ್ತೆ, ಉಳಿತಾಯ ಸಿಗಲ್ಲ. ಮಾರ್ಗ ಎಲ್ಲಿ ಹೋಗಬೇಕು, ಏರಿ ಎಷ್ಟು ಎತ್ತರ, ಮೇಲ್ಸೇತುವೆಯೋ ಕೆಳಸೇತುವೆಯೋ ಅನ್ನೋದು ತೀರ್ಮಾನ ಆದ ಕ್ಷಣವೇ ಕಾರ್ಬನ್ನಿನ ಹೆಚ್ಚಿನ ಪಾಲು ತೀರ್ಮಾನ ಆಗಿಹೋಗಿರುತ್ತೆ. ಟೆಂಡರ್ ಕರೆದ ಮೇಲೆ ಗುತ್ತಿಗೆದಾರರ ಕೈಯಲ್ಲಿ ಉಳಿಯುವುದು ಸಿಮೆಂಟಿನ ಬಗೆ, ಡೀಸೆಲ್ಲು, ಸಾಗಣೆ. ಅದೂ ಟೆಂಡರಿನಲ್ಲಿ ಅವಕಾಶ ಇದ್ದರೆ.

ಬ್ರಿಟನ್ನಿನಲ್ಲಿ ಇದನ್ನು ಸ್ವಲ್ಪ ಬೇಗ ಅರ್ಥ ಮಾಡಿಕೊಂಡರು. ಅಲ್ಲಿ 2013ರಲ್ಲಿ ಸರ್ಕಾರದ ಖಜಾನೆ ಇಲಾಖೆಯೇ ಮೂಲಸೌಕರ್ಯದ ಕಾರ್ಬನ್ ಬಗ್ಗೆ ಒಂದು ಪರಿಶೀಲನೆ ಹೊರತಂದಿತು, ಅದರ ಬೆನ್ನಿಗೇ 2016ರಲ್ಲಿ ಪಾಸ್ 2080 ಅನ್ನೋ ಮಾನದಂಡ ಬಂತು, 2023ರಲ್ಲಿ ಅದನ್ನು ತಿದ್ದಿ ಮತ್ತೆ ಹೊರತಂದರು. ಅದರ ತಿರುಳು ಸರಳ. ಮೊದಲು ಕೇಳಬೇಕಾದ್ದು, ಇದನ್ನು ಕಟ್ಟಲೇಬೇಕಾ? ಇರುವುದನ್ನೇ ಚೆನ್ನಾಗಿ ಬಳಸಿದರೆ ಆಗಲ್ವಾ? ಕಟ್ಟಲೇಬೇಕು ಅಂದರೆ ಕಡಿಮೆ ಕಟ್ಟಲು ಆಗುತ್ತಾ? ಅದಾದ ಮೇಲೆ ಯಾವ ಸಾಮಾನು, ಯಾವ ವಿಧಾನ ಅನ್ನೋ ಪ್ರಶ್ನೆ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗುತ್ತೆ. ಎಲ್ಲಾ ತೀರ್ಮಾನ ಮಾಡಿ, ಕೊನೆಗೆ ಸ್ಟೇಷನ್ ಚಾವಣಿಗೆ ಸೋಲಾರ್ ಹಾಕಿ ಹಸಿರು ಅನ್ನುತ್ತೇವೆ.

ಇರುವುದನ್ನೇ ಬಳಸುವುದು ಅಂದಾಗ ನನಗೆ ನೆನಪಾಗುವುದು ನಂಜನಗೂಡಿನ ಹಳೇ ಸೇತುವೆ. 1735ರಲ್ಲಿ ದಳವಾಯಿಗಳ ಕಾಲದಲ್ಲಿ ಕಪಿಲೆಗೆ ಅಡ್ಡ ಕಟ್ಟಿದ ಕಲ್ಲಿನ ಕಮಾನು ಸೇತುವೆ. ಮೀಟರ್ ಗೇಜ್ ಕಾಲದಲ್ಲಿ ರೈಲು, ರಸ್ತೆ ಎರಡನ್ನೂ ಅದೇ ಹೊತ್ತಿತು. ಎತ್ತಿನಗಾಡಿಗೆ ಅಂತ ಕಟ್ಟಿದ್ದು ಉಗಿಬಂಡಿಯನ್ನೂ ಹೊತ್ತಿತು ಅಂದರೆ, ಅಲ್ಲಿ ಇನ್ನೊಂದು ಸೇತುವೆ ಕಟ್ಟುವ ಸಾಮಾನು ಎಷ್ಟೋ ವರ್ಷ ಉಳಿಯಿತು. ಬಾಳಿಕೆಯ ಒಂದೊಂದು ವರ್ಷವೂ ಕಾರ್ಬನ್ ಲೆಕ್ಕದಲ್ಲಿ ಉಳಿತಾಯವೇ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಕೆಡವದೆ, ಸುಮಾರು ಸಾವಿರ ಟನ್ನಿನ ಆ ಕಟ್ಟಡವನ್ನು ಇಡಿಯಾಗಿ ಎತ್ತಿ 130 ಮೀಟರಿನಷ್ಟು ದೂರ ಸರಿಸಿದ್ದನ್ನು ನೀವು ನೋಡಿರಬಹುದು. ಅದು ಪರಂಪರೆ ಉಳಿಸಲು ಮಾಡಿದ್ದು, ಕಾರ್ಬನ್ನಿಗಾಗಿ ಅಲ್ಲ. ಆದರೆ ಕೆಡವದೆ ಇರುವುದಕ್ಕೂ ದಾರಿ ಇರುತ್ತೆ ಅಂತ ನಮ್ಮೂರ ಹತ್ತಿರವೇ ಗೊತ್ತಾಯಿತು.

ಈಗ ಸಿಮೆಂಟಿನ ವಿಷಯ. ಹಿಂದೆ ಊರಾಚೆ ಸುಣ್ಣದ ಗೂಡು ಇರುತ್ತಿತ್ತು, ಸುಣ್ಣಕಲ್ಲು ಸುಟ್ಟು ಸುಣ್ಣ ಮಾಡುತ್ತಿದ್ದರು. ಸಿಮೆಂಟ್ ಕಾರ್ಖಾನೆಯೂ ಒಳಗೆ ಮಾಡುವುದು ಅದನ್ನೇ, ಇನ್ನೂ ಜಾಸ್ತಿ ಬಿಸಿಯಲ್ಲಿ, ಜೇಡಿಮಣ್ಣು ಸೇರಿಸಿ. ಶುದ್ಧ ಸುಣ್ಣಕಲ್ಲು 100 ಕೆಜಿ ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತೆ, 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತೆ. ಇದು ಸೌದೆ ಅಥವಾ ಕಲ್ಲಿದ್ದಲಿನ ಹೊಗೆ ಅಲ್ಲ, ಕಲ್ಲಿನೊಳಗೇ ಇದ್ದದ್ದು. ಗೂಡಿಗೆ ಯಾವ ಇಂಧನ ಹಾಕಿದರೂ ಇದು ಹೋಗಿಯೇ ಹೋಗುತ್ತೆ. ಹಾಗಾಗಿ ಇರುವ ದೊಡ್ಡ ದಾರಿ ಅಂದರೆ ಸುಟ್ಟ ಸುಣ್ಣಕಲ್ಲಿನ ಪಾಲನ್ನೇ, ಅಂದರೆ ಕ್ಲಿಂಕರನ್ನೇ, ಕಡಿಮೆ ಮಾಡುವುದು.

ಅದಕ್ಕೆ ಸಾಮಾನು ನಮ್ಮ ರಾಜ್ಯದಲ್ಲೇ ಇದೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಹಾರುಬೂದಿ ಇದೆ, ಬಳ್ಳಾರಿ ಕಡೆ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್, ಅಂದರೆ ಕುಲುಮೆಯಲ್ಲಿ ಉಳಿಯುವ ಕಿಟ್ಟ, ಇದೆ. ನಮ್ಮ ಮಾನದಂಡದ ಪ್ರಕಾರ ಬೂದಿ ಸಿಮೆಂಟಿನಲ್ಲಿ ಶೇ 35ರವರೆಗೆ ಹಾರುಬೂದಿ, ಸ್ಲ್ಯಾಗ್ ಸಿಮೆಂಟಿನಲ್ಲಿ ಶೇ 70ರವರೆಗೆ ಸ್ಲ್ಯಾಗ್ ಇರಬಹುದು. ಬಳ್ಳಾರಿಯಿಂದ ಮಂಡ್ಯಕ್ಕೆ ಲಾರಿಯಲ್ಲಿ ತಂದರೆ ದೂರ ಆಗಲ್ವಾ ಅಂತ ಕೇಳುತ್ತಾರೆ. 400 ಕಿಲೋಮೀಟರ್ ಅಂದುಕೊಂಡರೂ ಟನ್ನಿಗೆ 40 ಕೆಜಿ. ಅದು ಉಳಿಸುವ ಕ್ಲಿಂಕರಿನ ಕಾರ್ಬನ್ ಟನ್ನಿಗೆ 800 ಕೆಜಿಗೂ ಮೇಲೆ. ದೂರ ಇಲ್ಲಿ ಲೆಕ್ಕಕ್ಕೇ ಬರಲ್ಲ. ಸುಟ್ಟ ಜೇಡಿಮಣ್ಣು, ಸುಡದ ಸುಣ್ಣಕಲ್ಲಿನ ಪುಡಿ ಸೇರಿಸಿದ ಹೊಸ ಬಗೆಯ ಸಿಮೆಂಟಿಗೂ 2023ರಲ್ಲಿ ಭಾರತೀಯ ಮಾನದಂಡ ಬಂದಿದೆ. ಬೂದಿ, ಸ್ಲ್ಯಾಗ್ ಎರಡೂ ಮುಂದೆ ಕಡಿಮೆಯಾಗುವ ವಸ್ತುಗಳು, ಆದ್ದರಿಂದ ಇದರ ಮೇಲೆ ನನಗೆ ಹೆಚ್ಚು ಭರವಸೆ.

ಹಾಗಾದರೆ ಎಲ್ಲಾ ಕಡೆ ಅದನ್ನೇ ಹಾಕಬಹುದಲ್ಲ? ಇಲ್ಲ, ಇಲ್ಲೊಂದು ತೊಡಕಿದೆ. ಬೂದಿ, ಸ್ಲ್ಯಾಗ್ ಸೇರಿದ ಕಾಂಕ್ರೀಟ್ ನಿಧಾನಕ್ಕೆ ಗಟ್ಟಿಯಾಗುತ್ತೆ. ಸ್ಲೀಪರ್ ಕಾರ್ಖಾನೆಗೆ ಆ ನಿಧಾನ ಸಾಧ್ಯವಿಲ್ಲ. ಅಲ್ಲಿ ಹಬೆ ಕೊಟ್ಟು ಬೇಗ ಗಟ್ಟಿ ಮಾಡಿ, ಎಳೆದ ತಂತಿಯ ಬಿಗಿ ಸಡಿಲಿಸಿ, ಅಚ್ಚು ಖಾಲಿ ಮಾಡಿ ಮತ್ತೆ ತುಂಬಬೇಕು. ಅದಕ್ಕೆಂದೇ 53-ಎಸ್ ಅನ್ನೋ ವಿಶೇಷ ಸಿಮೆಂಟ್ ಇದೆ. ಆದರೆ ಸೇತುವೆಯ ಬುನಾದಿ, ತಡೆಗೋಡೆ, ಕೆಳಸೇತುವೆಯ ಬಾಕ್ಸು, ಇವಕ್ಕೆಲ್ಲ ಪೂರ್ತಿ ಭಾರ ಬರುವುದು ತಿಂಗಳುಗಳಾದ ಮೇಲೆ. ಅಲ್ಲಿ ಬಲವನ್ನು 28 ದಿನದ ಬದಲು 56 ದಿನಕ್ಕೆ ಪರೀಕ್ಷಿಸುತ್ತೇವೆ ಅಂತ ಟೆಂಡರಿನಲ್ಲಿ ಒಂದು ಸಾಲು ಬರೆದರೆ ಸಾಕು, ಕ್ಲಿಂಕರ್ ಎಷ್ಟೋ ಇಳಿಯುತ್ತೆ. ಸ್ಲ್ಯಾಗ್ ಕಾಂಕ್ರೀಟಿಗೆ ನೀರುಣಿಸುವುದು ಮಾತ್ರ ಜಾಸ್ತಿ ದಿನ ಬೇಕು, ಅದರಲ್ಲಿ ಕಳ್ಳಾಟ ಆಡಿದರೆ ಎಲ್ಲಾ ಹಾಳು.

ಉಕ್ಕಿನಲ್ಲಿ ಈಗ ಒಂದು ಹೊಸ ಅನುಕೂಲ ಆಗಿದೆ. 2024ರ ಡಿಸೆಂಬರಿನಲ್ಲಿ ಕೇಂದ್ರದ ಉಕ್ಕು ಸಚಿವಾಲಯ ಹಸಿರು ಉಕ್ಕು ಅಂದರೆ ಏನು ಅಂತ ವ್ಯಾಖ್ಯೆ ಮಾಡಿತು. ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಕಾರ್ಬನ್ ಇದ್ದರೆ ಹಸಿರು, 1.6ಕ್ಕಿಂತ ಕಡಿಮೆ ಇದ್ದರೆ ಐದು ಸ್ಟಾರ್. ಫ್ರಿಜ್ಜಿನ ಮೇಲಿನ ಸ್ಟಾರ್ ತರಹ. ಇನ್ನು ಟೆಂಡರಿನಲ್ಲಿ ಕೇಳಲು ಒಂದು ಅಳತೆಗೋಲು ಸಿಕ್ಕಿತು. ಆದರೆ ಅದಕ್ಕಿಂತ ಸುಲಭವಾದದ್ದನ್ನು ರೈಲ್ವೆಯವರು ಮುಂಚಿನಿಂದಲೂ ಮಾಡುತ್ತಿದ್ದಾರೆ. ಮುಖ್ಯ ಮಾರ್ಗದಿಂದ ತೆಗೆದ, ಇನ್ನೂ ಚೆನ್ನಾಗಿರುವ ಹಳಿಯನ್ನು ನಿಧಾನ ಓಡಾಟದ ಪಕ್ಕದ ಹಳಿಗಳಿಗೆ, ಅಂದರೆ ಸೈಡಿಂಗುಗಳಿಗೆ, ಹಾಕುವುದು, ಕೊಳೆ ತುಂಬಿದ ಜಲ್ಲಿಯನ್ನು ಮಿಷನ್ನಿನಿಂದ ಎತ್ತಿ ಜರಡಿ ಹಿಡಿದು ವಾಪಸ್ ಸುರಿಯುವುದು. ಇದನ್ನು ಅವರು ದುಡ್ಡು ಉಳಿಸಲು ಮಾಡುತ್ತಾರೆ. ಕಾರ್ಬನ್ ಕಾಲಂ ಇದ್ದಿದ್ದರೆ ಈ ಕೆಲಸದ ಬೆಲೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಮಣ್ಣಿನ ಕೆಲಸದಲ್ಲಿ ಕಾರ್ಬನ್ ಸೋರುವುದು ಸಣ್ಣ ಸಣ್ಣ ಅಜಾಗರೂಕತೆಯಲ್ಲಿ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಂದು ಸೈಟಿನಲ್ಲಿ ಜಲ್ಲಿಯನ್ನು ತಪ್ಪು ಬದಿಯಲ್ಲಿ ಸುರಿಸಿದರು. ನಾಲೆ ದಾಟಲು ದಾರಿ ಇಲ್ಲದೆ ಅಷ್ಟನ್ನೂ ಮತ್ತೆ ತುಂಬಿ, ಹನ್ನೊಂದು ಕಿಲೋಮೀಟರ್ ಸುತ್ತಿ, ಆಚೆ ಬದಿಗೆ ಹಾಕಬೇಕಾಯಿತು. ಲೋಡಿನ ಲೆಕ್ಕ ಬರೆದದ್ದು ನಾನೇ. ಎರಡನೇ ಸಾಗಣೆಯ ಡೀಸೆಲ್ ಯಾವ ಪುಸ್ತಕದಲ್ಲೂ ಬರಲಿಲ್ಲ, ಬಿಲ್ ಆಗದ್ದನ್ನು ಯಾರೂ ಅಳೆಯಲಿಲ್ಲ. ಇವತ್ತಿಗೂ ಲೆಕ್ಕಕ್ಕೆ ಕೂತಾಗ ನಾನು ಮೊದಲು ಕೇಳುವುದು ಡೀಸೆಲ್ ಬಂಕಿನ ರಸೀದಿಗಳನ್ನು.

ಲೆಕ್ಕದಲ್ಲಿ ಮೋಸ ಹೋಗುವ ಜಾಗಗಳನ್ನೂ ಹೇಳಿಬಿಡುತ್ತೇನೆ. 'ಕಾರ್ಬನ್ ಶೇ 30 ಕಡಿಮೆ ಮಾಡಿದ್ದೇವೆ' ಅಂತ ಯಾರಾದರೂ ಅಂದರೆ, ಯಾವುದಕ್ಕಿಂತ ಕಡಿಮೆ ಅಂತ ಕೇಳಿ. ಹೋಲಿಕೆಗೆ ಇಟ್ಟ ಮೊದಲ ನಕ್ಷೆಯೇ ಬೇಕಂತಲೇ ದಪ್ಪ ಇದ್ದರೆ ಕಡಿಮೆ ಮಾಡುವುದು ಸುಲಭ. ಗಡಿ ಎಲ್ಲಿ ಎಳೆದಿದ್ದಾರೆ ನೋಡಿ. ಕೆಲವರು ಸೈಟಿನ ಡೀಸೆಲ್, ಕರೆಂಟ್ ಮಾತ್ರ ಲೆಕ್ಕಕ್ಕೆ ಹಿಡಿದು, ಕೊಂಡು ತಂದ ಉಕ್ಕು, ಸಿಮೆಂಟ್ ಬೇರೆಯವರ ಪಾಲು ಅಂತ ಬಿಟ್ಟುಬಿಡುತ್ತಾರೆ. ಹಾಗೆ ಮಾಡಿದರೆ ನಾವು ಮೇಲೆ ಕೂಡಿದ 460 ಟನ್ನಿನಲ್ಲಿ ಬಹುಪಾಲು ಕಾಣೆಯಾಗುತ್ತೆ. ಬಸ್ಸು, ಕಾರಿನ ಜನ ಮುಂದೆ ರೈಲಿಗೆ ಬರುತ್ತಾರೆ ಅನ್ನೋ ಉಳಿತಾಯವನ್ನು ಕಟ್ಟುವ ಲೆಕ್ಕದಿಂದ ಕಳೆದು ತೋರಿಸುವುದೂ ಸರಿಯಲ್ಲ. ಅದು ಆಗಬಹುದು, ಆಗದೆಯೂ ಇರಬಹುದು, ಬೇರೆ ಸಾಲಿನಲ್ಲಿ ತೋರಿಸಲಿ. ಗಿಡ ನೆಡುವುದೂ ಅಷ್ಟೇ. ನೆಡಲೇಬೇಕು, ಆದರೆ ಇವತ್ತು ಹೋದ ಕಾರ್ಬನ್ನನ್ನು ಆ ಗಿಡ ಹೀರಲು ಹತ್ತಾರು ವರ್ಷ ಬೇಕು, ಅಲ್ಲಿವರೆಗೆ ಅದು ಬದುಕಿರಬೇಕು.

ಮದ್ದೂರಿನ ಕಡೆಯ ಒಬ್ಬ ಹುಡುಗ, ಓದು ಮುಗಿಸಿ ಎರಡು ವರ್ಷ ಆಗಿದೆ, ಈಗ ಒಂದು ಹಳ್ಳಿಯ ಕೆಳಸೇತುವೆಯ ಅಂದಾಜು ಪಟ್ಟಿ ಮಾಡುತ್ತಿದ್ದಾನೆ. ಫೋನು ಮಾಡಿ, "ಅಣ್ಣಾ, ಆ ಕಾರ್ಬನ್ ಕಾಲಂ ಹೇಗೆ ಹಾಕೋದು ಹೇಳಿಕೊಡಿ" ಅಂದ. ಒಂದು ಭಾನುವಾರ ಕೂತೆವು. ಬಾಕ್ಸು, ಎರಡೂ ಕಡೆಯ ಗೋಡೆ ಸೇರಿ 600 ಕ್ಯೂಬಿಕ್ ಮೀಟರ್ ಕಾಂಕ್ರೀಟ್, 240 ಟನ್ ಸಿಮೆಂಟ್, 72 ಟನ್ ಕಂಬಿ. ಬರೀ ಸಾದಾ ಸಿಮೆಂಟ್ ಹಾಕಿದರೆ ಸಿಮೆಂಟಿನದೇ 204 ಟನ್ ಕಾರ್ಬನ್, ಕಂಬಿಯದು 180. ಅರ್ಧ ಸ್ಲ್ಯಾಗ್ ಮಾಡಿ ನೋಡಿದೆವು, ಸಿಮೆಂಟಿನದು 112ಕ್ಕೆ ಇಳಿಯಿತು. ಅವನಿಗೆ ಅಷ್ಟಕ್ಕೇ ಖುಷಿ. ಆಮೇಲೆ ಅವನೇ ನಕ್ಷೆ ತಿರುಗಿಸಿ, ಈ ದಾರಿಯ ಗೋಡೆ ಇಷ್ಟು ಉದ್ದ ಯಾಕೆ ಅಂತ ಕೇಳಿದ. ಹೊಲದ ಬದಿಯಲ್ಲಿ ಇಳಿಜಾರಿಗೆ ಜಾಗ ಇದೆ, ಅಲ್ಲಿ ಕಲ್ಲು ಕಟ್ಟಿ ಹುಲ್ಲು ಹಾಸಿದರೆ ಸಾಕಾಗಬಹುದು, ಗೋಡೆಯ ಮೂರನೇ ಒಂದು ಭಾಗ ಕಟ್ಟುವುದೇ ತಪ್ಪುತ್ತೆ ಅಂದ. ಮಳೆಗಾಲದಲ್ಲಿ ನೀರು ಎಲ್ಲಿ ಹರಿಯುತ್ತೆ ಅಂತ ಊರವರನ್ನು ಕೇಳದೆ ಇದನ್ನು ತೀರ್ಮಾನ ಮಾಡಬೇಡ ಅಂದೆ. ಮುಂದಿನ ವಾರ ಟೇಪ್ ಹಿಡಿದು ಇಬ್ಬರೂ ಅಲ್ಲಿಗೆ ಹೋಗುತ್ತಿದ್ದೇವೆ. ಟೆಂಡರ್ ಇನ್ನೂ ಕರೆದಿಲ್ಲ.